ಬೈಬಲಿನ ವರ್ಷಗಳನ್ನು ಇತಿಹಾಸದ ಜೊತೆ ಹೊಂದಿಸುವುದು ಹೇಗೆ: ಅಹಾಬನ ರಥಗಳಿಂದ ದಾನಿಯೇಲನ ಎಪ್ಪತ್ತು ವಾರಗಳವರೆಗೆ

ಕೆಲವು ವರ್ಷಗಳ ಹಿಂದೆ ನಮ್ಮ ಬೈಬಲ್ ಸ್ಟಡಿಯಲ್ಲಿ ದಾನಿಯೇಲನ 9ನೇ ಅಧ್ಯಾಯ ಓದುತ್ತಿದ್ದೆವು. ಎಪ್ಪತ್ತು ವಾರಗಳ ಪ್ರವಾದನೆ ಇರುವುದು ಅಲ್ಲೇ; ಅಲ್ಲಿನ ಒಂದು ವಾರವನ್ನು ಏಳು ವರ್ಷ ಎಂದು ಓದುತ್ತಾರೆ. ಅರವತ್ತೊಂಬತ್ತು ವಾರಗಳು ಯಾವ ವರ್ಷಕ್ಕೆ ಮುಗಿಯುತ್ತವೆ ಎಂದು ಒಬ್ಬರು ಕೇಳಿದರು. ಒಬ್ಬರು ಕ್ರಿ.ಶ. 27 ಅಂದರು. ಇನ್ನೊಬ್ಬರು 32, ಮತ್ತೊಬ್ಬರು 33. ನನ್ನ ನೋಟ್‌ಬುಕ್ಕಿನಲ್ಲಿ 26 ಅಂತ ಇತ್ತು. ಓದಿದ್ದು ಒಂದೇ ವಚನ, ಬಂದದ್ದು ನಾಲ್ಕು ಉತ್ತರ.

ಮನೆಗೆ ಬಂದು ಎಲ್ಲವನ್ನೂ ಮೊದಲಿನಿಂದ ಲೆಕ್ಕ ಹಾಕಿದೆ. ನನ್ನ 26 ಬರೀ ಕೂಡಿಸಿ ಕಳೆಯುವುದರ ತಪ್ಪು. ಉಳಿದ ಮೂರರಲ್ಲಿ ಲೆಕ್ಕದ ತಪ್ಪು ಇರಲಿಲ್ಲ. ಎಲ್ಲಿಂದ ಶುರು ಮಾಡಬೇಕು, ವರ್ಷಕ್ಕೆ ಎಷ್ಟು ದಿನ ಅನ್ನುವುದರಲ್ಲೇ ಅವರು ಬೇರೆಯಾಗಿದ್ದರು. ಅಂದಿನಿಂದ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಖಚಿತವಾಗಿ ಗೊತ್ತಿರುವುದು ಶಾಯಿಯಲ್ಲಿ. ಅಲ್ಲಿಂದ ಎಣಿಸಿ ತೆಗೆದದ್ದು ಪೆನ್ಸಿಲಿನಲ್ಲಿ. ಪ್ರವಾದನೆಯ ಅರ್ಥ ಮೇಲೆ ಹಾಸುವ ಟ್ರೇಸಿಂಗ್ ಪೇಪರಿನಲ್ಲಿ. ಈ ಮೂರನ್ನು ಬೆರೆಸದಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಒಂದು ಸತ್ಯವೇದ (ಕನ್ನಡ ಬೈಬಲ್), ಉದ್ದನೆಯ ಚಾರ್ಟ್ ಹಾಳೆ, ಸ್ಕೇಲು, ಪೆನ್ನು, ಪೆನ್ಸಿಲ್, ರಬ್ಬರ್, ನಾಲ್ಕೈದು ಟ್ರೇಸಿಂಗ್ ಹಾಳೆ. ಐದು ವರ್ಷಕ್ಕೆ ಒಂದು ಸೆಂಟಿಮೀಟರ್ ಇಟ್ಟುಕೊಂಡರೆ ಸೊಲೊಮೋನನಿಂದ ಕ್ರಿ.ಶ. 70ರವರೆಗೆ ಸುಮಾರು ಎರಡು ಮೀಟರ್ ಆಗುತ್ತದೆ. ಹಾಳೆಗಳನ್ನು ಅಂಟಿಸಿಕೊಳ್ಳಿ.

ಹಂತ 1: ಎಣಿಸುವ ರೀತಿ ಕಲಿಯಿರಿ

ಮೊದಲ ವಿಷಯ, ಸೊನ್ನೆ ವರ್ಷ ಅಂತ ಒಂದಿಲ್ಲ. ಕ್ರಿ.ಪೂ. 1 ಆದ ಮೇಲೆ ನೇರ ಕ್ರಿ.ಶ. 1. ಹಾಗಾಗಿ ಕ್ರಿ.ಪೂ.ದಿಂದ ಕ್ರಿ.ಶ.ಕ್ಕೆ ದಾಟುವಾಗ ಬಂದ ಉತ್ತರಕ್ಕೆ ಒಂದು ಸೇರಿಸಬೇಕು. 69 ವಾರ ಅಂದರೆ 483 ವರ್ಷ; ಶುರು ಕ್ರಿ.ಪೂ. 457 ಎಂದು ಹಿಡಿದರೆ, 483ರಲ್ಲಿ 457 ಕಳೆದರೆ 26. ಒಂದು ಸೇರಿಸಿದರೆ 27. ನಾನು ಬಿಟ್ಟಿದ್ದು ಆ ಒಂದನ್ನೇ.

ಎರಡನೆಯದು, ಆಗಿನ ವರ್ಷ ಜನವರಿಯಲ್ಲಿ ಶುರುವಾಗುತ್ತಿರಲಿಲ್ಲ. ಇದನ್ನು ನಮಗೆ ಯಾರೂ ಕಷ್ಟಪಟ್ಟು ವಿವರಿಸಬೇಕಿಲ್ಲ. ನಮ್ಮ ಹೊಸ ವರ್ಷ ಯುಗಾದಿಗೆ, ಗುಜರಾತಿನವರಿಗೆ ದೀಪಾವಳಿ ಆದ ಮೇಲೆ. ಬಾಬೆಲಿನವರ (ಬ್ಯಾಬಿಲೋನಿನವರ) ವರ್ಷ ನೀಸಾನ್ ತಿಂಗಳಲ್ಲಿ, ಹೆಚ್ಚು ಕಮ್ಮಿ ನಮ್ಮ ಯುಗಾದಿಯ ಹೊತ್ತಿಗೆ ಶುರುವಾಗುತ್ತಿತ್ತು. ದಕ್ಷಿಣದ ಯೆಹೂದ ರಾಜ್ಯದ ಅರಸರ ವರ್ಷವನ್ನು ತಿಶ್ರಿಯಿಂದ, ಅಂದರೆ ಸೆಪ್ಟೆಂಬರ್-ಅಕ್ಟೋಬರಿನಿಂದ ಎಣಿಸುತ್ತಿದ್ದರು ಅನ್ನುವ ವಿದ್ವಾಂಸರಿದ್ದಾರೆ. ಅದಕ್ಕೇ ಪುಸ್ತಕಗಳಲ್ಲಿ 568/567 ಅಂತ ಜೋಡಿ ವರ್ಷ ಬರೆಯುತ್ತಾರೆ. ನೀವೂ ಹಾಗೇ ಬರೆಯಿರಿ.

ಮೂರನೆಯದೇ ಮುಖ್ಯ. ಮಗುವಿಗೆ ಐದು ತುಂಬಿತು ಅನ್ನುವುದಕ್ಕೂ ಐದು ನಡೀತಿದೆ ಅನ್ನುವುದಕ್ಕೂ ಒಂದು ವರ್ಷದ ವ್ಯತ್ಯಾಸ ಇದೆ, ಅಲ್ವಾ? ಶಾಸನ ಓದುವವರು ಶಕ ವರ್ಷ ಗತವೋ ವರ್ತಮಾನವೋ ಎಂದು ಕೇಳುವುದೂ ಇದನ್ನೇ. ಬಾಬೆಲಿನಲ್ಲಿ ಹೊಸ ಅರಸ ವರ್ಷದ ನಡುವೆ ಪಟ್ಟಕ್ಕೆ ಬಂದರೆ, ಉಳಿದ ತಿಂಗಳುಗಳನ್ನು ಪಟ್ಟಾಭಿಷೇಕದ ವರ್ಷ ಎಂದು ಬೇರೆ ಇಟ್ಟು, ಮುಂದಿನ ಹೊಸ ವರ್ಷದಿಂದ ಒಂದು ಎಂದು ಎಣಿಸುತ್ತಿದ್ದರು. ಇಸ್ರಾಯೇಲಿನ ಉತ್ತರ ರಾಜ್ಯದಲ್ಲಿ ಬಹುಕಾಲ ಆ ಉಳಿದ ತಿಂಗಳುಗಳೇ ಒಂದನೇ ವರ್ಷ. ಅಂದರೆ ಹಳೇ ಅರಸನ ಕೊನೆಯ ವರ್ಷವೂ ಹೊಸಬನ ಮೊದಲ ವರ್ಷವೂ ಒಂದೇ. ಸುಮ್ನೆ ಕೂಡಿದರೆ ಒಂದು ವರ್ಷ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಹಂತ 2: ಹೆಸರುಗಳನ್ನು ಹೊಂದಿಸಿ

ಕನ್ನಡ ಓದುಗರು ಎಡವುವುದು ಇಲ್ಲಿ. ಶಾಲೆಯ ಇತಿಹಾಸದಲ್ಲಿ ಓದಿದ ಸೈರಸ್ ನಮ್ಮ ಸತ್ಯವೇದದಲ್ಲಿ ಕೋರೆಷ. ಡೇರಿಯಸ್ ಅಂದರೆ ದಾರ್ಯಾವೆಷ. ಅರ್ಟಾಕ್ಸರ್ಕ್ಸಿಸ್ ಅಂದರೆ ಅರ್ತಷಸ್ತ. ಸೆನ್ನಾಕೆರಿಬ್ ಅಂದರೆ ಸನ್ಹೇರೀಬ. ಇತಿಹಾಸದವರು ಶೋಶೆಂಕ್ ಅನ್ನುವ ಈಜಿಪ್ಟಿನ ಅರಸ ಅರಸುಗಳ ಪುಸ್ತಕದಲ್ಲಿ ಶೀಶಕ. ಚಾರ್ಟಿನ ಅಂಚಿನಲ್ಲಿ ಎರಡೂ ಹೆಸರು ಬರೆದಿಟ್ಟುಕೊಳ್ಳಿ.

ಇನ್ನೊಂದು ಎಚ್ಚರಿಕೆ. ಅಹಜ್ಯ ಎಂಬ ಅರಸ ಇಸ್ರಾಯೇಲಿನಲ್ಲೂ ಇದ್ದ, ಯೆಹೂದದಲ್ಲೂ ಇದ್ದ. ಯೋರಾಮನೂ ಹಾಗೇ. ಯೆಹೋಯಾಕೀಮ ತಂದೆ, ಯೆಹೋಯಾಖೀನ ಮಗ. ಒಂದು ಅಕ್ಷರ ತಪ್ಪಿ ಓದಿದರೆ ಲೆಕ್ಕ ಹನ್ನೊಂದು ವರ್ಷ ಆಚೀಚೆ ಆಗುತ್ತದೆ.

ಹಂತ 3: ಶಾಯಿಯ ಗುರುತುಗಳನ್ನು ಹಾಕಿ

ಎಲ್ಲರಿಗೂ ಆದಿಕಾಂಡದಿಂದ ಶುರು ಮಾಡುವ ಆಸೆ. ದಯವಿಟ್ಟು ಬೇಡ. ನಡುವಿನಿಂದ ಶುರು ಮಾಡಿ, ಎರಡೂ ಕಡೆಗೆ ಹೋಗಿ. ನಡುವಿನಲ್ಲಿ ಆಕಾಶವೇ ಸಾಕ್ಷಿ ಹೇಳುತ್ತದೆ.

ಅಶ್ಶೂರ್‌ದವರು (ಅಸ್ಸೀರಿಯದವರು) ಪ್ರತಿ ವರ್ಷಕ್ಕೆ ಒಬ್ಬ ಅಧಿಕಾರಿಯ ಹೆಸರು ಇಡುತ್ತಿದ್ದರು. ನಾವು ಸಂವತ್ಸರಕ್ಕೆ ಪ್ರಭವ, ವಿಭವ ಅನ್ನುವ ಹಾಗೆ. ಆದರೆ ನಮ್ಮ ಹೆಸರುಗಳು ಅರವತ್ತಕ್ಕೆ ತಿರುಗಿ ಬರುತ್ತವೆ, ಅವರ ಪಟ್ಟಿ ಮುಂದೆ ಹೋಗುತ್ತಲೇ ಇರುತ್ತದೆ. ಬೂರ್-ಸಗಾಲೆ ಎಂಬ ಅಧಿಕಾರಿಯ ವರ್ಷದ ಮುಂದೆ, ಸಿಮಾನು ತಿಂಗಳಲ್ಲಿ ಸೂರ್ಯಗ್ರಹಣ ಆಯಿತು ಎಂದು ಬರೆದಿದೆ. ಖಗೋಳದ ಲೆಕ್ಕ ಅದನ್ನು ಕ್ರಿ.ಪೂ. 763ರ ಜೂನ್ 15ಕ್ಕೆ ಕೂರಿಸುತ್ತದೆ. ಗ್ರಹಣದ ದಿನ ದಾನ ಕೊಟ್ಟದ್ದನ್ನು ಬರೆದಿರುವ ನಮ್ಮ ಶಾಸನಗಳ ದಿನಾಂಕ ಪರೀಕ್ಷಿಸುವುದೂ ಇದೇ ದಾರಿಯಲ್ಲಿ. ಈ ಒಂದು ಮೊಳೆ ಗಟ್ಟಿಯಾಗಿ ಕೂತರೆ ಪಟ್ಟಿಯ ಹಿಂದಿನ ಮುಂದಿನ ಹೆಸರುಗಳಿಗೆಲ್ಲ ವರ್ಷ ಸಿಗುತ್ತದೆ.

ಬಾಬೆಲಿಗೆ ಇಂಥದ್ದೇ ಮೊಳೆ ಬರ್ಲಿನ್ನಿನಲ್ಲಿರುವ ಒಂದು ಮಣ್ಣಿನ ಹಲಗೆ. ಬಾಬೆಲಿನ ಅರಸ ನೆಬೂಕದ್ನೆಚ್ಚರನ 37ನೇ ವರ್ಷದಲ್ಲಿ ಚಂದ್ರ ಮತ್ತು ಗ್ರಹಗಳು ಎಲ್ಲಿದ್ದವು ಎಂದು ಅದರಲ್ಲಿ ದಾಖಲಾಗಿದೆ. ಆ ಸ್ಥಾನಗಳು ಕ್ರಿ.ಪೂ. 568/567ಕ್ಕೆ ಹೊಂದುತ್ತವೆ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಅವನ 18ನೇ ವರ್ಷ 587/586.

ಶಾಯಿಯಲ್ಲಿ ಇಷ್ಟು ಬರೆಯಿರಿ: 853, ಕರ್ಕರ್ ಯುದ್ಧ. 841, ಯೇಹು ಕಪ್ಪ ಕೊಟ್ಟದ್ದು. 763, ಗ್ರಹಣ. 701, ಅಶ್ಶೂರಿನ ಸನ್ಹೇರೀಬನ ದಂಡಯಾತ್ರೆ. 605, ಕರ್ಕೆಮೀಷ್ ಯುದ್ಧ. 597, ಯೆರೂಸಲೇಮ್ ಶರಣಾದದ್ದು. 539, ಬಾಬೆಲ್ ಬಿದ್ದದ್ದು. ಉತ್ತರ ರಾಜ್ಯದ ರಾಜಧಾನಿ ಸಮಾರ್ಯ ಬಿದ್ದ 722ನ್ನು ನಾನು ಶಾಯಿಯಲ್ಲೇ ಬರೆದು ಪಕ್ಕದಲ್ಲಿ 721 ಎಂದು ಸಣ್ಣದಾಗಿ ಗುರುತು ಹಾಕಿದ್ದೇನೆ.

ಹಂತ 4: ಒಂದು ತುಂಡನ್ನು ಕೈಯಾರೆ ಹೊಂದಿಸಿ ನೋಡಿ

ಅಶ್ಶೂರಿನ ಮೂರನೇ ಶಲ್ಮನೆಸರ್ ತನ್ನ 6ನೇ ವರ್ಷದಲ್ಲಿ ಕರ್ಕರ್‌ನಲ್ಲಿ ಯುದ್ಧ ಮಾಡಿದ. ಎದುರಾಳಿಗಳ ಪಟ್ಟಿಯನ್ನು ಕಲ್ಲಿನಲ್ಲಿ ಕೆತ್ತಿಸಿದ. ಅದರಲ್ಲಿ ಇಸ್ರಾಯೇಲಿನ ಅಹಾಬ, 2,000 ರಥ, 10,000 ಕಾಲಾಳು. ವರ್ಷ 853. ಅದೇ ಶಲ್ಮನೆಸರನ 18ನೇ ವರ್ಷ, 841ರಲ್ಲಿ ಯೇಹು ಕಪ್ಪ ಕೊಟ್ಟ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಕಪ್ಪು ಸ್ತಂಭದ ಮೇಲೆ ನೆಲಕ್ಕೆ ಹಣೆ ಹಚ್ಚಿ ಬಾಗಿರುವ ಒಬ್ಬನ ಚಿತ್ರವಿದೆ. ಮೇಲಿನ ಬರಹ ಅದು ಯೇಹುವಿನ ಕಪ್ಪ ಎನ್ನುತ್ತದೆ.

ಎರಡರ ನಡುವೆ 12 ವರ್ಷ. ಈಗ ಸತ್ಯವೇದ ತೆರೆಯಿರಿ. ಅಹಾಬನ ನಂತರ ಅಹಜ್ಯ 2 ವರ್ಷ ಆಳಿದ (1 ಅರಸುಗಳು 22:51). ಅವನ ತಮ್ಮ ಯೋರಾಮ 12 ವರ್ಷ (2 ಅರಸುಗಳು 3:1). ಆಮೇಲೆ ಯೇಹು. ಒಟ್ಟು 14. ಎರಡು ವರ್ಷ ಜಾಸ್ತಿ ಆಯಿತು.

ಗಾಬರಿ ಬೇಡ. ಉತ್ತರ ರಾಜ್ಯದ ಎಣಿಕೆ ನೆನಪಿಸಿಕೊಳ್ಳಿ. ಅಹಜ್ಯನ ಮೊದಲ ವರ್ಷ ಅಹಾಬನ ಕೊನೆಯದೇ, ಹಾಗಾಗಿ ಅವನದು ನಿಜಕ್ಕೆ 1. ಯೋರಾಮನ ಮೊದಲನೆಯದು ಅಹಜ್ಯನ ಕೊನೆಯದು, ಹಾಗಾಗಿ 11. ಒಟ್ಟು 12. ಕಲ್ಲಿನ ಲೆಕ್ಕಕ್ಕೆ ಸರಿಯಾಗಿ ಕೂತಿತು. ಆದರೆ ಒಂದು ಮಾತು. 12ರಲ್ಲಿ ಒಂದು ವರ್ಷವೂ ಮಿಗದ ಕಾರಣ, ಕರ್ಕರ್ ಯುದ್ಧದ ವರ್ಷವೇ ಅಹಾಬ ಸತ್ತಿರಬೇಕು, 841 ಯೇಹುವಿನ ಮೊದಲ ವರ್ಷವೇ ಆಗಿರಬೇಕು. ಯುದ್ಧ ಮತ್ತು ಕಪ್ಪ ಶಾಯಿಯಲ್ಲಿ ಇರಲಿ, ಸಾವು ಮತ್ತು ಪಟ್ಟ ಪೆನ್ಸಿಲಿನಲ್ಲಿ. 20ನೇ ಶತಮಾನದಲ್ಲಿ ಎಡ್ವಿನ್ ಥೀಲೆ ಎಂಬ ವಿದ್ವಾಂಸರು ಅರಸರ ಪಟ್ಟಿಯನ್ನೆಲ್ಲ ಈ ರೀತಿ ಬಿಡಿಸಿದರು. ಅವರು ಹೇಳಿದ್ದೆಲ್ಲವನ್ನೂ ಎಲ್ಲರೂ ಒಪ್ಪುವುದಿಲ್ಲ. ಆದರೆ ಈ ತುಂಡನ್ನು ನೀವೇ ಒಮ್ಮೆ ಮಾಡಿ ನೋಡಬೇಕು. ನಾನು ಮೊದಲ ಸಲ ಮಾಡಿದ ರಾತ್ರಿ ನಿದ್ದೆ ಬರಲಿಲ್ಲ.

ಹಂತ 5: ವಚನಗಳು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆದುಕೊಳ್ಳಿ

ಯೆಹೋಯಾಖೀನ ಸೆರೆಯಾದದ್ದು ನೆಬೂಕದ್ನೆಚ್ಚರನ 8ನೇ ವರ್ಷ ಅನ್ನುತ್ತದೆ 2 ಅರಸುಗಳು 24:12. ಯೆರೆಮೀಯ 52:28ರಲ್ಲಿ ಜನರನ್ನು ಒಯ್ದದ್ದು 7ನೇ ವರ್ಷ. ಬಾಬೆಲಿನ ವೃತ್ತಾಂತದ ಹಲಗೆ ಏನು ಹೇಳುತ್ತದೆ? 7ನೇ ವರ್ಷ, ಅದಾರ್ ತಿಂಗಳ 2ನೇ ದಿನ ಪಟ್ಟಣ ಹಿಡಿದರು. ನಮ್ಮ ಲೆಕ್ಕಕ್ಕೆ ಅದು ಕ್ರಿ.ಪೂ. 597ರ ಮಾರ್ಚ್ 16. ಯೆರೆಮೀಯನ ಕೊನೆಯ ಅಧ್ಯಾಯದ ಈ ಪಟ್ಟಿ (52:28-30) ಬಾಬೆಲಿನ ರೀತಿ ಎಣಿಸಿದೆ, ಅರಸುಗಳ ಪುಸ್ತಕ ಪಟ್ಟದ ವರ್ಷವನ್ನೂ ಸೇರಿಸಿದೆ ಎಂದು ಓದಿದರೆ ಎರಡೂ ಹೊಂದುತ್ತವೆ. ಪಟ್ಟಣ ಸುಟ್ಟದ್ದರಲ್ಲೂ ಅದೇ ಒಂದರ ವ್ಯತ್ಯಾಸ ಇದೆ: 2 ಅರಸುಗಳು 25:8 ಮತ್ತು ಯೆರೆಮೀಯ 52:12ರಲ್ಲಿ 19ನೇ ವರ್ಷ, ಯೆರೆಮೀಯ 52:29ರಲ್ಲಿ 18ನೇದು. ವೃತ್ತಾಂತದ ಹಲಗೆ ಅಲ್ಲಿಯವರೆಗೆ ಉಳಿದಿಲ್ಲ. ಅದಕ್ಕೇ ಕೆಲವರು 587 ಅನ್ನುತ್ತಾರೆ, ಕೆಲವರು 586. ಎರಡನ್ನೂ ಬರೆಯಿರಿ.

ಬಾಬೆಲಿನಲ್ಲಿ ಸಿಕ್ಕ ಉಗ್ರಾಣದ ಲೆಕ್ಕದ ಹಲಗೆಗಳಲ್ಲಿ ಯೆಹೂದದ ಅರಸ ಯೆಹೋಯಾಖೀನನಿಗೂ ಅವನ ಐದು ಮಕ್ಕಳಿಗೂ ಕೊಟ್ಟ ಎಣ್ಣೆಯ ಅಳತೆ ಇದೆ. ಸೆರೆಯಲ್ಲಿದ್ದ ಒಂದು ಮನೆಯ ರೇಷನ್ ಅದು. ವರ್ಷಗಳ ಲೆಕ್ಕ ಮಾಡುತ್ತಾ ಕೂತಾಗ ಇವರೆಲ್ಲ ಉಂಡು ಉಟ್ಟು ಬದುಕಿದ ಜನ ಅನ್ನುವುದು ನನಗೆ ನೆನಪಾಗುವುದು ಆ ಎಣ್ಣೆಯಿಂದ.

ಹೊಂದದೆ ಉಳಿಯುವುದೂ ಇದೆ. ಯೆಹೂದದ ಅರಸ ಹಿಜ್ಕೀಯನ 6ನೇ ವರ್ಷದಲ್ಲಿ ಸಮಾರ್ಯ ಬಿತ್ತು (2 ಅರಸುಗಳು 18:10). 14ನೇ ವರ್ಷದಲ್ಲಿ ಸನ್ಹೇರೀಬ ಬಂದ (18:13). ಅಂದರೆ ಎಂಟು ವರ್ಷದ ಅಂತರ. ಶಾಯಿಯಲ್ಲಿ 722 ಮತ್ತು 701, ಅಂತರ 21. ತಂದೆಯ ಜೊತೆ ಆಳಿದ ವರ್ಷಗಳಿಂದ ಒಂದು ಎಣಿಕೆ, ಒಬ್ಬನೇ ಆಳಿದ ವರ್ಷಗಳಿಂದ ಇನ್ನೊಂದು ಎಂದು ಕೆಲವರು ಬಿಡಿಸುತ್ತಾರೆ. ಇರಬಹುದು. ಘಟನೆಯ ಬಗ್ಗೆ ಮಾತ್ರ ಸಂಶಯ ಇಲ್ಲ: 30 ತಲಾಂತು ಬಂಗಾರ ಎಂದು ಸತ್ಯವೇದವೂ ಹೇಳುತ್ತದೆ, ಸನ್ಹೇರೀಬನ ಮಣ್ಣಿನ ಪಟ್ಟಕವೂ ಹೇಳುತ್ತದೆ. ಹಿಜ್ಕೀಯನ ಆಳ್ವಿಕೆಯ ವರ್ಷಗಳು ಪೆನ್ಸಿಲಿನಲ್ಲಿರಲಿ. ಒತ್ತಾಯದಿಂದ ಕೂರಿಸಬೇಡಿ.

ಹಂತ 6: ಹಿಂದಕ್ಕೆ ಹೋಗಿ, ಕೈ ಹಗುರ ಮಾಡುತ್ತಾ

ಸೊಲೊಮೋನನ 4ನೇ ವರ್ಷ ಸುಮಾರು 966. ಈಜಿಪ್ಟಿನಿಂದ ಹೊರಟು ಆಗ 480 ವರ್ಷ ಎನ್ನುತ್ತದೆ 1 ಅರಸುಗಳು 6:1. ಹಾಗಾದರೆ 1446. ಆದರೆ ಹಳೆಯ ಗ್ರೀಕ್ ಅನುವಾದದಲ್ಲಿ ಅದೇ ವಚನ 440 ಅನ್ನುತ್ತದೆ. ವಿಮೋಚನಕಾಂಡ 1:11ರ ರಾಮ್ಸೇಸ್ ಪಟ್ಟಣವನ್ನು ಹಿಡಿದು 13ನೇ ಶತಮಾನ ಅನ್ನುವವರೂ ಇದ್ದಾರೆ. ಈಜಿಪ್ಟಿನ ಅರಸ ಮೆರ್ನೆಪ್ತಾ ಸುಮಾರು 1208ರ ಕಲ್ಲಿನಲ್ಲಿ ಇಸ್ರಾಯೇಲ್ ಎಂಬ ಜನರ ಹೆಸರು ಕೆತ್ತಿಸಿದ್ದಾನೆ. ಅಷ್ಟು ಹೊತ್ತಿಗೆ ಅವರು ಕಾನಾನಿನಲ್ಲಿದ್ದರು ಎಂಬುದು ಗಟ್ಟಿ. ಉಳಿದದ್ದು ಪೆನ್ಸಿಲ್.

ಶೀಶಕನ ವಿಷಯದಲ್ಲಿ ಹುಷಾರು. ಸೊಲೊಮೋನನ ಮಗ ರೆಹಬ್ಬಾಮನ 5ನೇ ವರ್ಷದಲ್ಲಿ ಅವನು ಬಂದ, ಕಾರ್ನಾಕ್ ದೇವಸ್ಥಾನದ ಗೋಡೆಯ ಮೇಲೆ ಆ ದಂಡಯಾತ್ರೆಯ ಊರುಗಳ ಹೆಸರಿದೆ, ವರ್ಷ 925 ಎಂದು ಪುಸ್ತಕಗಳಲ್ಲಿ ಇರುತ್ತದೆ. ಇದೊಂದು ಸ್ವತಂತ್ರ ಸಾಕ್ಷಿ ಅಂದುಕೊಳ್ಳಬೇಡಿ. ಆ ಈಜಿಪ್ಟಿನ ಅರಸನ ಕಾಲ ನಿಗದಿ ಮಾಡುವಾಗಲೂ ಬೈಬಲಿನ ಇದೇ ವಚನವನ್ನು ಆಧಾರ ಮಾಡಿಕೊಂಡಿರುತ್ತಾರೆ. ನಾವು ಕೊಟ್ಟದ್ದನ್ನೇ ನಮಗೆ ವಾಪಸ್ ಕೊಟ್ಟ ಹಾಗೆ.

ಆದಿಕಾಂಡದ ವಂಶಾವಳಿಗಳನ್ನು ಕೂಡಿದರೆ ಸೃಷ್ಟಿಯಿಂದ ಜಲಪ್ರಳಯಕ್ಕೆ ಹೀಬ್ರೂ ಪಾಠದಲ್ಲಿ 1656 ವರ್ಷ, ಸಮಾರ್ಯದವರ ಪಾಠದಲ್ಲಿ 1307. ಗ್ರೀಕ್ ಪಾಠದಲ್ಲಿ ಎರಡು ಸಾವಿರದ ಮೇಲೆ. ಜೇಮ್ಸ್ ಅಷರ್ 17ನೇ ಶತಮಾನದಲ್ಲಿ ಹೀಬ್ರೂ ಲೆಕ್ಕ ಹಿಡಿದು ಸೃಷ್ಟಿಗೆ ಕ್ರಿ.ಪೂ. 4004, ಪ್ರಳಯಕ್ಕೆ 2348 ಎಂದರು. ಗೀಜಾದ ಮಹಾ ಪಿರಮಿಡ್ ಅದಕ್ಕಿಂತ ಸುಮಾರು ಇನ್ನೂರು ವರ್ಷ ಹಳೆಯದು. ಇಲ್ಲಿ ನನ್ನ ಚಾರ್ಟಿನಲ್ಲಿ ಅಂಕಿಗಳೇ ಇಲ್ಲ. ಹೆಸರುಗಳು ಮಾತ್ರ.

ಹಂತ 7: ಮುಂದಕ್ಕೆ

ಕ್ರಿ.ಪೂ. 539ರ ಅಕ್ಟೋಬರಿನಲ್ಲಿ ಕೋರೆಷನ ಸೈನ್ಯ ಬಾಬೆಲಿನೊಳಗೆ ಬಂತು. 538, ಸೆರೆಯಲ್ಲಿದ್ದ ಯೆಹೂದ್ಯರಿಗೆ ಹಿಂದಿರುಗಲು ಅಪ್ಪಣೆ. 515, ದೇವಾಲಯ ಮುಗಿಯಿತು (ಎಜ್ರ 6:15). 458 ಅಥವಾ 457, ಎಜ್ರ ಬಂದದ್ದು. 445 ಅಥವಾ 444, ನೆಹೆಮೀಯ. 167ರ ಡಿಸೆಂಬರಿನಲ್ಲಿ ಸಿರಿಯದ ಗ್ರೀಕ್ ಅರಸ ನಾಲ್ಕನೇ ಆಂಟಿಯೋಕಸ್ ದೇವಾಲಯವನ್ನು ಹೊಲೆ ಮಾಡಿದ, 164ರಲ್ಲಿ ಅದು ಶುದ್ಧವಾಯಿತು. ಹೆರೋದ ಸತ್ತದ್ದು ಕ್ರಿ.ಪೂ. 4 ಎಂದು ಹೆಚ್ಚಿನವರು ಒಪ್ಪುತ್ತಾರೆ. ಲೂಕ 3:1ರ ತಿಬೇರಿಯನ 15ನೇ ವರ್ಷ ಸುಮಾರು ಕ್ರಿ.ಶ. 28-29. ಶಿಲುಬೆಗೆ 30 ಅಥವಾ 33. ದೇವಾಲಯದ ನಾಶ 70, ಇದು ಶಾಯಿ.

ಹಂತ 8: ಈಗ ಟ್ರೇಸಿಂಗ್ ಪೇಪರ್

ಪ್ರತಿ ಅರ್ಥಕ್ಕೂ ಒಂದು ಬೇರೆ ಹಾಳೆ. ಹಾಳೆಯ ಮೂಲೆಯಲ್ಲಿ ನಾಲ್ಕು ಸಾಲು ಬರೆಯಲೇಬೇಕು: ಎಲ್ಲಿಂದ ಶುರು, ವರ್ಷಕ್ಕೆ ಎಷ್ಟು ದಿನ, ನಡುವೆ ಬಿಡುವು ಇದೆಯೇ, ಎಲ್ಲಿ ಮುಗಿಯುತ್ತದೆ. ಹೇಳುವವರು ಈ ನಾಲ್ಕರಲ್ಲಿ ಒಂದನ್ನು ಬಾಯಿ ಬಿಡದಿದ್ದರೆ, ಕೇಳಿ.

ಸುಲಭದ್ದರಿಂದ ಶುರು ಮಾಡೋಣ, ಯೆರೆಮೀಯನ 70 ವರ್ಷ. ಅಶ್ಶೂರಿನ ಕೊನೆಯ ಪ್ರಯತ್ನ ಮುರಿದ 609ರಿಂದ 539ಕ್ಕೆ 70. ದೇವಾಲಯ ಸುಟ್ಟ 586ರಿಂದ ಮತ್ತೆ ಕಟ್ಟಿ ಮುಗಿದ 515ಕ್ಕೆ 71. 605ರಿಂದ ಎಣಿಸಿದರೆ 538ಕ್ಕೆ 67. ಯೆರೆಮೀಯ 25 ಬಾಬೆಲಿನ ಅರಸನಿಗೆ ಅಡಿಯಾಳಾಗಿರುವ 70 ವರ್ಷ ಎನ್ನುವುದರಿಂದ ಮೊದಲನೆಯದು ನನಗೆ ಹತ್ತಿರ ಕಾಣುತ್ತದೆ.

ಇನ್ನು ದಾನಿಯೇಲ 9. ವಾರ ಅಂದರೆ ಏಳು ವರ್ಷ ಎಂದು ಓದಿದರೆ 69 ವಾರಕ್ಕೆ 483 ವರ್ಷ. ಮೊದಲ ಹಾಳೆ: ಎಜ್ರನ ಕೈಗೆ ಅರ್ತಷಸ್ತ ಕೊಟ್ಟ ಪತ್ರದಿಂದ, 457. ಉತ್ತರ ಕ್ರಿ.ಶ. 27, ಯೇಸುವಿನ ದೀಕ್ಷಾಸ್ನಾನದ ಹೊತ್ತು. ಇದರಲ್ಲಿ ಸಾಮಾನ್ಯ ವರ್ಷವೇ ಸಾಕು. ತೊಡಕು ಏನೆಂದರೆ, ಆ ಪತ್ರ ದೇವಾಲಯದ ಸೇವೆಯ ಬಗ್ಗೆ ಮಾತಾಡುತ್ತದೆ, ಪಟ್ಟಣ ಕಟ್ಟುವ ಬಗ್ಗೆ ಅಲ್ಲ.

ಎರಡನೇ ಹಾಳೆ: ನೆಹೆಮೀಯನ ಅಪ್ಪಣೆಯಿಂದ, ಅದು ನೇರವಾಗಿ ಪಟ್ಟಣದ್ದೇ. 444ರಿಂದ 483 ಎಣಿಸಿದರೆ ಕ್ರಿ.ಶ. 40, ತೀರಾ ತಡ. ಅದಕ್ಕೆ ರಾಬರ್ಟ್ ಆಂಡರ್ಸನ್ 19ನೇ ಶತಮಾನದ ಕೊನೆಯಲ್ಲಿ 360 ದಿನದ ಪ್ರವಾದನಾ ವರ್ಷ ಬಳಸಿದರು. 483 ಗುಣಿಸು 360, ಅಂದರೆ 1,73,880 ದಿನ. ನಮ್ಮ ವರ್ಷದಲ್ಲಿ ಅದು 476. ಅವರು 445ರಿಂದ ಎಣಿಸಿ 32ಕ್ಕೆ ಬಂದರು. ನಂತರ ಬಂದವರು 444ರಿಂದ ಎಣಿಸಿ 33ಕ್ಕೆ. ನಮ್ಮ ಗುಂಪಿನ ಆ ಎರಡು ಉತ್ತರ ಬಂದದ್ದು ಇಲ್ಲಿಂದ.

360ಕ್ಕೆ ಆಧಾರ ಇದೆ. ಪ್ರಕಟನೆಯಲ್ಲಿ 42 ತಿಂಗಳೂ 1260 ದಿನವೂ ಒಂದೇ ಅವಧಿ ಎಂದು ಓದಿದರೆ ತಿಂಗಳಿಗೆ 30 ದಿನ. ಆದರೆ ಪಂಚಾಂಗ ನೋಡುವ ಮನೆಯವರು ಒಂದು ಪ್ರಶ್ನೆ ಕೇಳುತ್ತಾರೆ: ಅಧಿಕ ಮಾಸ ಎಲ್ಲಿ ಹೋಯಿತು? ಬಾಬೆಲಿನವರೂ ಯೆಹೂದ್ಯರೂ ನಮ್ಮ ಹಾಗೇ ಅಧಿಕ ಮಾಸ ಸೇರಿಸುತ್ತಿದ್ದರು, 19 ವರ್ಷಕ್ಕೆ ಏಳರಂತೆ. ಪಸ್ಕ ಹಬ್ಬ ಬೆಳೆಯ ಕಾಲಕ್ಕೇ ಬರಬೇಕಲ್ಲ. ಹಾಗಾಗಿ 476 ವರ್ಷ ಉದ್ದಕ್ಕೂ 360ರಂತೆ ಬದುಕಿದ ಜನ ಇಲ್ಲ. ನನಗೆ ಈ ಹಾಳೆ ತೂಕದಲ್ಲಿ ಕಡಿಮೆ ಅನಿಸುವುದು ಅದಕ್ಕೇ.

ಮೂರನೇ ಹಾಳೆಯನ್ನು ನಮ್ಮ ಸಭೆಗಳಲ್ಲಿ ಯಾರೂ ಹಾಕುವುದಿಲ್ಲ, ಆದರೆ ಹಾಕಲೇಬೇಕು: ಕೊನೆಯ ವಾರ ಆಂಟಿಯೋಕಸನ ಕಾಲ ಅನ್ನುವ ಓದು. 587ರಿಂದ 538ಕ್ಕೆ ಸರಿಯಾಗಿ 49, ಅಂದರೆ ಮೊದಲ ಏಳು ವಾರ. ದೇವಾಲಯದ ಹೊಲೆ ಮೂರು ವರ್ಷ, ಅರ್ಧ ವಾರಕ್ಕೆ ಹತ್ತಿರ. ಆದರೆ 538ರಿಂದ ಮುಂದಿನ 62 ವಾರ, ಅಂದರೆ 434 ವರ್ಷ ಎಣಿಸಿದರೆ 104ಕ್ಕೆ ಬರುತ್ತದೆ, ಆಂಟಿಯೋಕಸ್ ಸತ್ತು ಅರವತ್ತು ವರ್ಷದ ಮೇಲೆ. ಮೂರೂ ಹಾಳೆಗಳಲ್ಲಿ ಒಂದೊಂದು ಸುಕ್ಕು ಇದೆ ಅನ್ನುವುದು ಮೇಲಿಂದ ನೋಡಿದರೇ ಕಾಣುತ್ತದೆ.

ಎಪ್ಪತ್ತನೇ ವಾರ ತಕ್ಷಣ ಬಂತೋ, ಇನ್ನೂ ಬರಲಿದೆಯೋ? ಬಿಡುವು ಇದೆ ಅನ್ನುವವರು ಅದನ್ನು ಮುಂದಿನ ಏಳು ವರ್ಷದ ಸಂಕಟಕಾಲಕ್ಕೆ ಇಡುತ್ತಾರೆ. ಪ್ರಕಟನೆಯ 1260ಕ್ಕೂ ಹೀಗೇ. ಒಬ್ಬರಿಗೆ ಅದು ರೋಮಿನ ಸೈನ್ಯ ಬಂದ 67ರಿಂದ 70ರವರೆಗಿನ ಯುದ್ಧ. ದಿನ ಅಂದರೆ ವರ್ಷ ಅನ್ನುವವರಿಗೆ ಕ್ರಿ.ಶ. 538ರಿಂದ 1798. ಮತ್ತೊಬ್ಬರಿಗೆ ಇನ್ನೂ ಬಾರದ ಕಾಲ. ಮೂರಕ್ಕೂ ಹಾಳೆ ಮಾಡಿ, ನಾಲ್ಕು ಸಾಲು ತುಂಬಿಸಿ.

ಹಂತ 9: ಹಳೆಯ ಲೆಕ್ಕಗಳನ್ನು ಹಾಕಿ ನೋಡಿ

ಅಮೆರಿಕದ ವಿಲಿಯಂ ಮಿಲ್ಲರ್ ಶುರು ಮಾಡಿದ್ದೂ 457ರಿಂದಲೇ. ದಾನಿಯೇಲ 8:14ರ 2300ನ್ನು ವರ್ಷ ಎಂದು ಓದಿದರು. 2300ರಲ್ಲಿ 457 ಕಳೆದರೆ 1843. ಸೊನ್ನೆ ವರ್ಷ ಇಲ್ಲ ಎಂಬುದನ್ನು ಸೇರಿಸಿದರೆ 1844. ಕೊನೆಗೆ ಜನ ಕ್ರಿಸ್ತನ ಬರುವಿಕೆಗೆ ಕಾದದ್ದು 1844ರ ಅಕ್ಟೋಬರ್ 22ಕ್ಕೆ. ಕೊಯ್ಲು ಮಾಡದೆ ಬೆಳೆಯನ್ನು ಹೊಲದಲ್ಲೇ ಬಿಟ್ಟವರಿದ್ದರು. ಬೆಳಗಾಯಿತು. ಅವರ ದುಃಖ ನನಗೆ ಅರ್ಥವಾಗುತ್ತದೆ. ಅವರು ಕರ್ತನನ್ನು ಪ್ರೀತಿಸಿದವರು. ಕೂಡು-ಕಳೆಯುವಿಕೆಯಲ್ಲಿ ತಪ್ಪಿರಲಿಲ್ಲ, ಟ್ರೇಸಿಂಗ್ ಪೇಪರಿನಲ್ಲಿ ಇರಬೇಕಾದದ್ದನ್ನು ಶಾಯಿಯಲ್ಲಿ ಬರೆದಿದ್ದರು.

ಇನ್ನೊಂದು: ಯೆರೂಸಲೇಮ್ ಬಿದ್ದದ್ದು 607 ಎಂದು ಹಿಡಿದು, ದಾನಿಯೇಲ 4ರ ಏಳು ಕಾಲಗಳನ್ನು 2520 ವರ್ಷ ಮಾಡಿ 1914ಕ್ಕೆ ಬರುವ ಲೆಕ್ಕ. ಇದನ್ನು ನಿಮ್ಮ ಚಾರ್ಟಿನ ಮೇಲೆ ಹಾಸಿ. ಕೆಳಗೆ 587/586 ಇದೆ, ನೆಬೂಕದ್ನೆಚ್ಚರನ 37ನೇ ವರ್ಷದ ಚಂದ್ರ ಅದಕ್ಕೆ ಸಾಕ್ಷಿ. ಇಪ್ಪತ್ತು ವರ್ಷ ಹೊಂದುವುದಿಲ್ಲ.

ಯಾರಾದರೂ ಬರುವ ವರ್ಷವೇ ಅಂತ್ಯ ಎಂದು ಮೊಬೈಲಿಗೆ ಲೆಕ್ಕ ಕಳಿಸಿದಾಗಲೂ ಹೀಗೇ ಮಾಡಿ. ಬೈಯಬೇಡಿ. ಕೂತು ನಾಲ್ಕು ಸಾಲು ತುಂಬಿಸಿ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಗೊತ್ತಾಗುತ್ತದೆ. ಆ ದಿನ ಮಗನಿಗೂ ತಿಳಿಯದು ಎಂದು ಮತ್ತಾಯ 24:36ರಲ್ಲಿ ಯೇಸುವೇ ಹೇಳಿರುವಾಗ, ನನ್ನ ಚಾರ್ಟಿನ ಬಲತುದಿಯ ಒಂದು ಗೇಣು ಜಾಗವನ್ನು ನಾನು ಖಾಲಿ ಬಿಟ್ಟಿದ್ದೇನೆ. ಹಾಳೆ ಕತ್ತರಿಸುವಾಗ ಆ ಗೇಣನ್ನು ಮರೆಯದೆ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಮೊದಲ ದಿನದ ಕೆಲಸಕ್ಕೆ 2 ಅರಸುಗಳು 24, 25 ಮತ್ತು ಯೆರೆಮೀಯ 52 ಸಾಕು.